ಮಲೆನಾಡಿನಿಂದ ಆನರ್ಸ್ ಪದವಿಗೆ: ಸೇರುವ ಮೊದಲು ತಿಳಿದಿರಬೇಕಾದ ಹಂತಗಳು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನದಿಂದ ಹಿಡಿದು ಮುಂಗಾರು ಕಾಲೂರುವವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಯ ವಿದ್ಯಾರ್ಥಿಗಳೂ ಅವರ ಮನೆಯವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಆನರ್ಸ್ ಎಂದರೇನು, ಅದಕ್ಕೆ ಸೇರುವುದು ಹೇಗೆ, ನಾಲ್ಕನೆಯ ವರ್ಷ ಓದಿದರೆ ಪ್ರಯೋಜನವುಂಟೇ, ನಮ್ಮ ಊರಿನ ಕಾಲೇಜಿನಲ್ಲಿಯೇ ಅದು ಸಿಗುತ್ತದೆಯೇ ಎಂಬ ಈ ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಎಲ್ಲವನ್ನೂ ಕ್ರಮವಾಗಿ ಒಂದೆಡೆ ಬರೆಯುವುದು ಮೇಲೆಂದು ತೋರಿದ್ದರಿಂದ ಈ ಲೇಖನ ಸಿದ್ಧವಾಯಿತು. ಮೊದಲಿಗೇ ಒಂದು ಮಾತನ್ನು ಒತ್ತಿ ಹೇಳಬೇಕು: ಆನರ್ಸ್ ಓದುವ ನಿರ್ಧಾರವನ್ನು ಮೂರನೆಯ ವರ್ಷದ ಕೊನೆಗೆ ಮಾಡಿದರಾಯಿತು ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಆ ಹೊತ್ತಿಗೆ ಅರ್ಹತೆಯ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದು ತೀರ್ಮಾನವಾಗಿಬಿಟ್ಟಿರುತ್ತದೆ. ಆದ್ದರಿಂದ ಪಿಯುಸಿಯಲ್ಲಿರುವವರು ಮತ್ತು ಪದವಿಯ ಮೊದಲ ವರ್ಷದಲ್ಲಿರುವವರು ಇದನ್ನು ಈಗಲೇ ಓದಬೇಕೆಂದು ನನ್ನ ಕೋರಿಕೆ.

ಹಂತ 1: ಯಾವ ಆನರ್ಸ್ ಎಂಬುದನ್ನು ಗುರುತಿಸಿಕೊಳ್ಳಿ

ಆನರ್ಸ್ ಎಂಬ ಒಂದೇ ಹೆಸರಿನಡಿ ಇಂದು ಬೇರೆ ಬೇರೆ ವ್ಯವಸ್ಥೆಗಳಿವೆ. ಗೊಂದಲಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಮೊದಲನೆಯದು, ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ ಬಂದ ನಾಲ್ಕು ವರ್ಷಗಳ ಪದವಿ. ಮೂರು ವರ್ಷ ಮುಗಿಸಿದರೆ ಸಾಮಾನ್ಯ ಪದವಿ, ನಾಲ್ಕನೆಯ ವರ್ಷವನ್ನೂ ಮುಗಿಸಿದರೆ ಆನರ್ಸ್ ಪದವಿ. ನಾಲ್ಕನೆಯ ವರ್ಷದಲ್ಲಿ ಮತ್ತೆ ಎರಡು ದಾರಿಗಳಿವೆ: ಹೆಚ್ಚುವರಿ ವಿಷಯಗಳನ್ನು ಓದಿ ಪಡೆಯುವ ಆನರ್ಸ್ ಮತ್ತು ಸಂಶೋಧನಾ ಪ್ರಬಂಧ ಬರೆದು ಪಡೆಯುವ ಸಂಶೋಧನಾ ಸಹಿತ ಆನರ್ಸ್.

ಎರಡನೆಯದು, ಕೃಷಿ ಮತ್ತು ಅದಕ್ಕೆ ಸಂಬಂಧಿಸಿದ ಪದವಿಗಳು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. (ಆನರ್ಸ್) ಕೃಷಿ, ತೋಟಗಾರಿಕೆ, ಅರಣ್ಯ ಪದವಿಗಳು ಈ ಗುಂಪಿಗೆ ಸೇರುತ್ತವೆ. ಇಲ್ಲಿ ಆನರ್ಸ್ ಎಂಬುದು ಪದವಿಯ ಹೆಸರಿನಲ್ಲಿಯೇ ಇದೆ. ಸೇರಿದ ಎಲ್ಲರೂ ನಾಲ್ಕು ವರ್ಷ ಓದಿ ಅದೇ ಪದವಿಯನ್ನು ಪಡೆಯುತ್ತಾರೆ; ನಡುವೆ ಪ್ರತ್ಯೇಕ ಆಯ್ಕೆ ನಡೆಯುವುದಿಲ್ಲ.

ಮೂರನೆಯದು, ಎಂಜಿನಿಯರಿಂಗ್ ಪದವಿಯೊಂದಿಗಿನ ಆನರ್ಸ್. ಪದವಿಗೆ ಬೇಕಾದ ಕ್ರೆಡಿಟ್‌ಗಳ (ವಿಷಯಗಳಿಗೆ ಕೊಡುವ ತೂಕ; ವಿವರ ಹಂತ 4ರಲ್ಲಿದೆ) ಜೊತೆಗೆ 18ರಿಂದ 20 ಹೆಚ್ಚುವರಿ ಕ್ರೆಡಿಟ್ ಗಳಿಸಿದವರಿಗೆ ಇದನ್ನು ಕೊಡಬಹುದೆಂದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಹೇಳುತ್ತದೆ. ಓದುವ ಅವಧಿ ನಾಲ್ಕು ವರ್ಷವೇ, ಓದಿನ ಹೊರೆ ಮಾತ್ರ ಹೆಚ್ಚು. ಎಂಜಿನಿಯರಿಂಗ್ ಸೇರಿರುವವರು ತಮ್ಮ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಇದಕ್ಕೆ ಯಾವ ಸೆಮಿಸ್ಟರಿನಲ್ಲಿ ನೋಂದಾಯಿಸಬೇಕೆಂದು ವಿಚಾರಿಸಿಕೊಳ್ಳಬೇಕು.

ಮನೆಯ ಹಿರಿಯರು ನೆನಪಿಸಿಕೊಳ್ಳುವ ಹಳೆಯ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎ. ಆನರ್ಸ್ ಇವು ಯಾವುದಕ್ಕೂ ಸೇರಿದ್ದಲ್ಲ. ಆ ಕಾಲದ ನಿಯಮಗಳನ್ನು ಇಂದಿಗೆ ಅನ್ವಯಿಸಿಕೊಳ್ಳಬೇಡಿ. ಈ ಲೇಖನದ ಮುಂದಿನ ಭಾಗ ಮುಖ್ಯವಾಗಿ ಮೊದಲನೆಯ ಬಗೆಯನ್ನು ಕುರಿತದ್ದು.

ಹಂತ 2: ನೀವು ಸೇರಿದ ವರ್ಷಕ್ಕೆ ಯಾವ ನಿಯಮ ಎಂದು ನೋಡಿ

ಕರ್ನಾಟಕ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ವ್ಯವಸ್ಥೆಯನ್ನು 2021-22ರಿಂದ ಜಾರಿಗೆ ತಂದಿತು. ಬಳಿಕ 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವನ್ನು ರಚಿಸಿತು. ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶದಂತೆ, ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮೊದಲಾದ ಪದವಿಗಳು 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದವು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳು ಸೇರಿರುವ ಕುವೆಂಪು ವಿಶ್ವವಿದ್ಯಾಲಯಕ್ಕೂ ಇದು ಅನ್ವಯಿಸುತ್ತದೆ.

ಹೀಗಾಗಿ ಓದುಗರು ತಮ್ಮನ್ನು ಎರಡು ಗುಂಪಿನಲ್ಲಿ ಒಂದಕ್ಕೆ ಸೇರಿಸಿಕೊಳ್ಳಬೇಕು. 2021-22, 2022-23 ಮತ್ತು 2023-24ರಲ್ಲಿ ಪದವಿಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ವ್ಯವಸ್ಥೆಯಲ್ಲಿಯೇ ಮುಂದುವರಿಯುತ್ತಾರೆ ಮತ್ತು ನಾಲ್ಕನೆಯ ವರ್ಷದ ಆನರ್ಸ್ ಅವರಿಗೆ ಐಚ್ಛಿಕವಾಗಿ ಉಳಿದಿದೆ. 2023-24ರಲ್ಲಿ ಸೇರಿದವರ ನಾಲ್ಕನೆಯ ವರ್ಷ ಲೆಕ್ಕದ ಪ್ರಕಾರ 2026-27ಕ್ಕೆ ಬರುತ್ತದೆ. 2024-25ರಿಂದ ಈಚೆಗೆ ರಾಜ್ಯ ವಿಶ್ವವಿದ್ಯಾಲಯಗಳ ಕಾಲೇಜಿಗೆ ಸೇರಿದವರಿಗೆ ಮೂರು ವರ್ಷದ ಪದವಿ, ಅದರ ಮೇಲೆ ಎರಡು ವರ್ಷದ ಸ್ನಾತಕೋತ್ತರ ಪದವಿ ಎಂಬುದೇ ನೇರ ದಾರಿ.

ಎರಡನೆಯ ಗುಂಪಿನವರು ಇದರಿಂದ ಎದೆಗುಂದಬೇಕಾಗಿಲ್ಲ. ನಾಲ್ಕು ವರ್ಷದ ಆನರ್ಸ್ ಮಾಡಿದವರಿಗೆ ಒಂದು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಓದುವ ಅವಕಾಶವಿದೆ, ಮೂರು ವರ್ಷದ ಪದವೀಧರರು ಎರಡು ವರ್ಷ ಓದುತ್ತಾರೆ. ಎರಡೂ ಕಡೆ ಒಟ್ಟು ಐದು ವರ್ಷ. ಸ್ನಾತಕೋತ್ತರ ಪದವಿ ಪಡೆದು ಅಧ್ಯಾಪಕರಾಗಬೇಕೆಂದಿರುವವರಿಗೆ ಕಾಲದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಸ್ನಾತಕೋತ್ತರ ಪದವಿಯಿಲ್ಲದೆ ನೇರವಾಗಿ ಪಿಎಚ್.ಡಿ.ಗೆ ಹೋಗಬೇಕೆನ್ನುವವರಿಗೆ ಮಾತ್ರ ವ್ಯತ್ಯಾಸವಾಗುತ್ತದೆ. ಅಂಥವರಿಗಾಗಿ ಮುಂದಿನ ಹಂತ.

ಹಂತ 3: ಪಿಯುಸಿ ಮುಗಿಸುತ್ತಿರುವವರು ಪ್ರವೇಶದ ದಾರಿಯನ್ನು ಆರಿಸಿಕೊಳ್ಳುವುದು

ನಾಲ್ಕು ವರ್ಷದ ಆನರ್ಸ್ ಪದವಿಯೇ ಬೇಕೆನ್ನುವವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ಇದನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಕಂಪ್ಯೂಟರ್ ಮೂಲಕ ನಡೆಸುತ್ತದೆ. ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿ ಲಭ್ಯವಿದ್ದು, ಕನ್ನಡವೂ ಅವುಗಳಲ್ಲೊಂದು. 2025ರ ಪದ್ಧತಿಯಂತೆ ಅಭ್ಯರ್ಥಿ ಗರಿಷ್ಠ ಐದು ವಿಷಯಗಳನ್ನು ಆರಿಸಿಕೊಳ್ಳಬಹುದು. ಪ್ರತಿ ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ. ಸರಿ ಉತ್ತರಕ್ಕೆ 5 ಅಂಕ, ತಪ್ಪು ಉತ್ತರಕ್ಕೆ 1 ಅಂಕ ಕಡಿತ. ಇಲ್ಲಿ ಆಗಾಗ ಕಾಣುವ ತಪ್ಪೆಂದರೆ ಸುಲಭವೆನಿಸಿದ ವಿಷಯಗಳನ್ನು ಆರಿಸಿಕೊಳ್ಳುವುದು. ದೆಹಲಿ ವಿಶ್ವವಿದ್ಯಾಲಯದಂಥ ಕಡೆ ಪಿಯುಸಿಯಲ್ಲಿ ಓದಿದ ವಿಷಯಗಳಲ್ಲಿಯೇ ಪರೀಕ್ಷೆ ಬರೆದಿರಬೇಕು, ಜೊತೆಗೆ ಪ್ರತಿ ಆನರ್ಸ್ ವಿಷಯಕ್ಕೂ ಇಂಥಿಂಥ ವಿಷಯಗಳ ಜೋಡಣೆಯೇ ಬೇಕೆಂಬ ನಿಯಮವಿರುತ್ತದೆ. ಸೇರಬೇಕಾದ ಪದವಿಯನ್ನು ಮೊದಲು ಗೊತ್ತುಮಾಡಿಕೊಂಡು, ಅದರ ಅರ್ಹತಾ ಪುಟವನ್ನು ಓದಿ, ಆಮೇಲೆ ಪರೀಕ್ಷೆಯ ವಿಷಯಗಳನ್ನು ಆರಿಸಿಕೊಳ್ಳಿ. ಅರ್ಜಿ ಸಾಮಾನ್ಯವಾಗಿ ವಾರ್ಷಿಕ ಪರೀಕ್ಷೆಗೂ ಮುನ್ನವೇ ಕರೆಯುತ್ತಾರೆ. ಪಿಯುಸಿ ಫಲಿತಾಂಶಕ್ಕೆ ಕಾದು ಕುಳಿತವರಿಗೆ ಆ ವರ್ಷದ ಅವಕಾಶ ತಪ್ಪುತ್ತದೆ.

ಕೃಷಿ ಆನರ್ಸಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯೇ ದಾರಿ. ಅಡಿಕೆ, ಭತ್ತ, ಕಾಫಿ ಬೆಳೆಯುವ ಕುಟುಂಬದ ಮಕ್ಕಳಿಗೆ ಕೃಷಿಕರ ಕೋಟಾದಡಿ ಸೀಟುಗಳಿವೆ. ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇರುತ್ತದೆ ಮತ್ತು ಕೃಷಿ ಕುಟುಂಬಕ್ಕೆ ಸೇರಿದವರೆಂಬ ದಾಖಲೆಗಳು ಬೇಕಾಗುತ್ತವೆ. ಸಿಇಟಿ ಅರ್ಜಿ ತುಂಬುವಾಗ ಈ ಕೋಟಾದ ಕಲಮನ್ನು ಗುರುತಿಸದೆ ಬಿಟ್ಟರೆ ಪ್ರಾಯೋಗಿಕ ಪರೀಕ್ಷೆಗೆ ಕರೆ ಬರುವುದಿಲ್ಲ. ತೋಟದಲ್ಲಿಯೇ ಬೆಳೆದ ಮಕ್ಕಳು ಈ ಒಂದು ಗುರುತಿನ ಕಾರಣಕ್ಕೆ ಸೀಟು ಕಳೆದುಕೊಳ್ಳಬಾರದು.

ಇನ್ನುಳಿದದ್ದು ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು. ಇವು ತಮ್ಮದೇ ಪ್ರವೇಶ ಪರೀಕ್ಷೆ ನಡೆಸುತ್ತವೆ. ಶುಲ್ಕ ಕೇಳುವಾಗ ಮೊದಲ ವರ್ಷದ್ದನ್ನಷ್ಟೇ ಕೇಳದೆ ನಾಲ್ಕೂ ವರ್ಷದ ಬೋಧನಾ ಶುಲ್ಕ, ಹಾಸ್ಟೆಲ್ ಮತ್ತು ಊಟದ ಖರ್ಚನ್ನು ಬರವಣಿಗೆಯಲ್ಲಿ ಪಡೆಯಿರಿ. ಒಂದು ಫಸಲಿನ ಅಡಿಕೆ ಧಾರಣೆಯನ್ನು ನಂಬಿ ನಾಲ್ಕು ವರ್ಷದ ಖರ್ಚಿಗೆ ಒಪ್ಪಿಕೊಳ್ಳುವುದು ಸರಿಯಾದ ಲೆಕ್ಕಾಚಾರವಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕೆಲವು ಕಡೆ ಕುಟುಂಬದ ಆದಾಯವನ್ನು ನೋಡಿ ಶುಲ್ಕ ರಿಯಾಯಿತಿ ಕೊಡುವ ಪದ್ಧತಿಯಿದೆ. ಅದಕ್ಕೆ ಬೇಕಾದ ದಾಖಲೆಗಳನ್ನು ಅರ್ಜಿಯ ಹಂತದಲ್ಲಿಯೇ ಸಿದ್ಧವಾಗಿಟ್ಟುಕೊಳ್ಳಬೇಕು.

ಹಂತ 4: ಹೆಸರು, ದಾಖಲೆ ಮತ್ತು ಕ್ರೆಡಿಟ್ ಖಾತೆ

ಕ್ರೆಡಿಟ್ ಎಂದರೆ ಒಂದು ವಿಷಯಕ್ಕೆ ವಾರದಲ್ಲಿ ಎಷ್ಟು ಗಂಟೆ ಪಾಠ ಅಥವಾ ಪ್ರಯೋಗ ನಡೆಯುತ್ತದೆ ಎಂಬುದನ್ನು ಆಧರಿಸಿ ಆ ವಿಷಯಕ್ಕೆ ಕೊಡುವ ತೂಕ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸಿಗೆ ಕನಿಷ್ಠ 160 ಕ್ರೆಡಿಟ್ ಬೇಕು. ಇದು ಕನಿಷ್ಠ ಮಿತಿ. ನಿಮ್ಮ ವಿಶ್ವವಿದ್ಯಾಲಯ ಇದಕ್ಕಿಂತ ಹೆಚ್ಚು ನಿಗದಿಪಡಿಸಿರಬಹುದು, ಮತ್ತು ನಿಮಗೆ ಅನ್ವಯಿಸುವುದು ನಿಮ್ಮ ವಿಶ್ವವಿದ್ಯಾಲಯದ ಸಂಖ್ಯೆಯೇ.

ಗಳಿಸಿದ ಕ್ರೆಡಿಟ್‌ಗಳು ಜಮೆಯಾಗುವ ಸ್ಥಳವೇ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಡಿಜಿಲಾಕರ್ ಮೂಲಕ ಖಾತೆ ತೆರೆದರೆ 12 ಅಂಕಿಯ ಅಪಾರ್ ಗುರುತಿನ ಸಂಖ್ಯೆ ಸಿಗುತ್ತದೆ. ಕೆಲಸ ಹತ್ತು ನಿಮಿಷದ್ದು. ತೊಂದರೆ ಬರುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಊರಿನ ಹೆಸರೂ ಸೇರಿಕೊಂಡಿರುವುದು ನಮ್ಮಲ್ಲಿ ತೀರ ಸಾಮಾನ್ಯ. ಕಾಗದದ ಕಾಲದಲ್ಲಿ ಇದನ್ನು ಗುಮಾಸ್ತರು ನೋಡಿ ಸರಿಮಾಡಿಕೊಳ್ಳುತ್ತಿದ್ದರು; ಗಣಕ ವ್ಯವಸ್ಥೆ ಹಾಗೆ ಮಾಡುವುದಿಲ್ಲ. ಹೆಸರು ತಾಳೆಯಾಗದಿದ್ದರೆ ಕ್ರೆಡಿಟ್ ಜಮೆಯಾಗದು, ವಿದ್ಯಾರ್ಥಿವೇತನವೂ ನಿಲ್ಲುತ್ತದೆ. ನಾನು ಬಲ್ಲ ಒಬ್ಬ ವಿದ್ಯಾರ್ಥಿನಿ ಒಂದು ಇನಿಷಿಯಲ್ ವ್ಯತ್ಯಾಸಕ್ಕಾಗಿ ಮಳೆಗಾಲದಲ್ಲಿ ನಾಲ್ಕು ಸಲ ಹಳ್ಳಿಯಿಂದ ಶಿವಮೊಗ್ಗಕ್ಕೆ ಓಡಾಡಬೇಕಾಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲವೆಂದು ಇಟ್ಟುಕೊಂಡು ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿ. ಪಿಯುಸಿ ರಜೆಯೇ ಇದಕ್ಕೆ ಸರಿಯಾದ ಸಮಯ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಪಡೆದು, ಅದರ ಮೇಲಿರುವ ಆರ್‌.ಡಿ. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಎಲ್ಲ ಅರ್ಜಿಗಳಲ್ಲಿಯೂ ಕೇಳುವುದು ಆ ಸಂಖ್ಯೆಯನ್ನೇ. ಆದಾಯ ಪ್ರಮಾಣಪತ್ರದ ಅವಧಿ ನಡುವೆ ಮುಗಿಯುತ್ತದೆಯೇ ಎಂದೂ ನೋಡಿಕೊಳ್ಳಿ.

ಇನ್ನು ರಾಜ್ಯದ ಪದವಿ ಪ್ರವೇಶ ಮತ್ತು ಪರೀಕ್ಷಾ ವ್ಯವಹಾರವೆಲ್ಲ ಯುಯುಸಿಎಂಎಸ್ ಎಂಬ ಜಾಲತಾಣದಲ್ಲಿ ನಡೆಯುತ್ತದೆ. ಅದಕ್ಕೆ ಸೈಬರ್ ಅಂಗಡಿಯವರ ಮೊಬೈಲ್ ಸಂಖ್ಯೆ ಕೊಡಬೇಡಿ. ಒಟಿಪಿ ಬರುವುದು ಆ ಸಂಖ್ಯೆಗೆ. ಮೂರು ವರ್ಷದ ಬಳಿಕ ಆ ಅಂಗಡಿಯೇ ಇಲ್ಲದಿರಬಹುದು. ಆಷಾಢದ ಮಳೆಗೆ ವಿದ್ಯುತ್ತೂ ನೆಟ್‌ವರ್ಕೂ ಹೋಗುವ ಊರಿನವರು ಕೊನೆಯ ದಿನಕ್ಕೆ ಕನಿಷ್ಠ ಒಂದು ವಾರ ಮೊದಲೇ ಅರ್ಜಿ ಮುಗಿಸಿ, ಶುಲ್ಕ ಪಾವತಿಯ ರಸೀದಿಯನ್ನು ಮುದ್ರಿಸಿಟ್ಟುಕೊಳ್ಳಬೇಕು.

ಹಂತ 5: ಮೊದಲ ಆರು ಸೆಮಿಸ್ಟರ್‌ಗಳು

ಸಂಶೋಧನಾ ಸಹಿತ ಆನರ್ಸಿಗೆ ಯುಜಿಸಿ ಚೌಕಟ್ಟು ಹೇಳುವ ಅರ್ಹತೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಥವಾ ಅದಕ್ಕಿಂತ ಹೆಚ್ಚು. ಆರೂ ಸೆಮಿಸ್ಟರ್‌ಗಳು ಎಂಬ ಮಾತನ್ನು ಗಮನಿಸಿ. ಕ್ರೆಡಿಟ್‌ಗಳು ಸಮವಾಗಿವೆ ಎಂದಿಟ್ಟುಕೊಂಡರೆ, ಮೊದಲ ನಾಲ್ಕು ಸೆಮಿಸ್ಟರ್‌ಗಳ ಸರಾಸರಿ ಶೇ. 72 ಆಗಿದ್ದವರು ಕೊನೆಯ ಎರಡರಲ್ಲಿ ಶೇ. 81 ಗಳಿಸಬೇಕು; ಶೇ. 70 ಆಗಿದ್ದವರು ಶೇ. 85 ಗಳಿಸಬೇಕು. ವಿಷಯ ಕಠಿಣವಾಗುತ್ತ ಹೋಗುವ ಕೊನೆಯ ವರ್ಷದಲ್ಲಿ ಈ ಏರಿಕೆ ಬಹಳ ಕಷ್ಟ. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪಠ್ಯಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಅಂಕ ಕಳೆದುಕೊಳ್ಳುವುದುಂಟು. ಅವರು ಮೊದಲ ತಿಂಗಳಿನಿಂದಲೇ ಅಧ್ಯಾಪಕರ ನೆರವು ಕೇಳಲು ಸಂಕೋಚ ಪಡಬಾರದು.

ಲೆಕ್ಕ ಹಾಕುವ ಕ್ರಮವನ್ನೂ ತಿಳಿದಿರಿ. ಒಂದು ಸೆಮಿಸ್ಟರಿನ ಸರಾಸರಿಗೆ ಎಸ್‌ಜಿಪಿಎ ಎಂದೂ, ಎಲ್ಲ ಸೆಮಿಸ್ಟರ್‌ಗಳ ಒಟ್ಟು ಸರಾಸರಿಗೆ ಸಿಜಿಪಿಎ ಎಂದೂ ಹೆಸರು. ಇವೆರಡರಲ್ಲಿಯೂ ಕ್ರೆಡಿಟ್ ಹೆಚ್ಚಿರುವ ವಿಷಯಕ್ಕೆ ಹೆಚ್ಚು ತೂಕ. 4 ಕ್ರೆಡಿಟ್‌ನ ವಿಷಯದಲ್ಲಿ 9, 2 ಕ್ರೆಡಿಟ್‌ನ ವಿಷಯದಲ್ಲಿ 6 ಗ್ರೇಡ್ ಅಂಕ ಬಂದರೆ ಸರಾಸರಿ 8 ಆಗುತ್ತದೆ. ಅದೇ ಅಂಕಗಳು ಅದಲುಬದಲಾದರೆ ಸರಾಸರಿ 7ಕ್ಕೆ ಇಳಿಯುತ್ತದೆ. ಹಾಗೆಂದು 2 ಕ್ರೆಡಿಟ್‌ನ ವಿಷಯಗಳನ್ನು ಕಡೆಗಣಿಸಿ ಅನುತ್ತೀರ್ಣರಾದರೆ ಬಾಕಿ ಉಳಿಯುತ್ತದೆ, ಬಾಕಿ ವಿಷಯವಿರುವವರಿಗೆ ನಾಲ್ಕನೆಯ ವರ್ಷದ ಪ್ರವೇಶವೇ ತೊಡಕಾಗುತ್ತದೆ. ಅಡಿಕೆ ಕೊಯ್ಲಿನ ತಿಂಗಳುಗಳು ಬೆಸ ಸೆಮಿಸ್ಟರ್‌ಗಳ ಆಂತರಿಕ ಪರೀಕ್ಷೆಗಳ ಮೇಲೆಯೇ ಬಂದು ಬೀಳುತ್ತವೆ ಎಂಬುದನ್ನು ಮನೆಯವರಿಗೂ ಮೊದಲೇ ತಿಳಿಸಿಡಿ. ಚೇಣಿಯ (ಗುತ್ತಿಗೆಗೆ ಪಡೆದ ತೋಟದ ಫಸಲಿನ) ಕೆಲಸಕ್ಕೆ ಒಂದು ವಾರ ನಿಂತರೂ ಹಾಜರಾತಿಯೂ ಆಂತರಿಕ ಅಂಕವೂ ಹೋಗುತ್ತವೆ.

ಇಲ್ಲಿ ಇನ್ನೊಂದು ಎಚ್ಚರಿಕೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರು ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು, ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ವಿಕಲಚೇತನ ಮೊದಲಾದವರಿಗೆ ಶೇ. 5ರ ಸಡಿಲಿಕೆಯಿದೆ. ಈ ಸಡಿಲಿಕೆ ಪಿಎಚ್.ಡಿ. ಪ್ರವೇಶಕ್ಕೆ ಹೇಳಿದ್ದು. ನಾಲ್ಕನೆಯ ವರ್ಷದ ಸಂಶೋಧನಾ ಆನರ್ಸಿಗೂ ಅದು ತಾನಾಗಿ ಅನ್ವಯಿಸುತ್ತದೆಂದು ಭಾವಿಸದೆ ವಿಶ್ವವಿದ್ಯಾಲಯದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಹಂತ 6: ನಿಮ್ಮ ಕಾಲೇಜಿನಲ್ಲಿ ಆನರ್ಸ್ ಇದೆಯೇ?

ರಾಜ್ಯದ ವಿಶ್ವವಿದ್ಯಾಲಯಗಳಿಗೆ 2023-24ರವರೆಗೆ ಸೇರಿದವರು ಇದನ್ನು ಗಮನಿಸಬೇಕು: ಪದವಿ ಕಾಲೇಜುಗಳೆಲ್ಲವೂ ನಾಲ್ಕನೆಯ ವರ್ಷವನ್ನು ನಡೆಸುವುದಿಲ್ಲ. ಸಂಶೋಧನಾ ಸಹಿತ ಆನರ್ಸ್ ನಡೆಸಲು ವಿಭಾಗದಲ್ಲಿ ಪಿಎಚ್.ಡಿ. ಮಾರ್ಗದರ್ಶಕರೆಂದು ಮಾನ್ಯತೆ ಪಡೆದ ಕನಿಷ್ಠ ಇಬ್ಬರು ಕಾಯಂ ಅಧ್ಯಾಪಕರಿರಬೇಕೆಂದು ಯುಜಿಸಿ ಹೇಳುತ್ತದೆ. ತಾಲ್ಲೂಕು ಕೇಂದ್ರಗಳ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹಲವು ವಿಭಾಗಗಳು ಅತಿಥಿ ಉಪನ್ಯಾಸಕರ ಶ್ರಮದಿಂದಲೇ ನಡೆಯುತ್ತಿವೆ. ಅವರ ಯೋಗ್ಯತೆಗೆ ಇದರಿಂದ ಕುಂದಿಲ್ಲ, ಆದರೆ ನಿಯಮ ಮಾತ್ರ ಹೀಗಿದೆ. ಆದ್ದರಿಂದ ಐದನೆಯ ಸೆಮಿಸ್ಟರ್ ನಡೆಯುತ್ತಿರುವಾಗಲೇ ಪ್ರಾಂಶುಪಾಲರನ್ನು ಮೂರು ಪ್ರಶ್ನೆ ಕೇಳಿ: ನನ್ನ ಮೇಜರ್ ವಿಷಯದಲ್ಲಿ, ಅಂದರೆ ನಾನು ಪ್ರಧಾನವಾಗಿ ಓದಿದ ವಿಷಯದಲ್ಲಿ, ನಾಲ್ಕನೆಯ ವರ್ಷ ಇದೆಯೇ? ಇದ್ದರೆ ಎರಡು ಬಗೆಗಳಲ್ಲಿ ಯಾವುದು? ಇಲ್ಲವಾದರೆ ಯಾವ ಕಾಲೇಜಿಗೆ ವರ್ಗಾವಣೆ ಪಡೆಯಬಹುದು?

ವರ್ಗಾವಣೆ ಅನಿವಾರ್ಯವಾದರೆ ಶಿವಮೊಗ್ಗ ನಗರದಲ್ಲಿರುವ, ಕುವೆಂಪು ವಿಶ್ವವಿದ್ಯಾಲಯದ ಘಟಕಗಳಾದ ಸಹ್ಯಾದ್ರಿ ಕಾಲೇಜುಗಳಲ್ಲಿಯೂ, ಶಂಕರಘಟ್ಟದಲ್ಲಿರುವ ಅದರ ಮುಖ್ಯ ಆವರಣ ಜ್ಞಾನ ಸಹ್ಯಾದ್ರಿಯ ಶೈಕ್ಷಣಿಕ ವಿಭಾಗದಲ್ಲಿಯೂ ವಿಚಾರಿಸಬೇಕು. ಶಂಕರಘಟ್ಟ ಶಿವಮೊಗ್ಗದಿಂದ ಸುಮಾರು 28 ಕಿ.ಮೀ. ದೂರದಲ್ಲಿದೆ, ಹೊಸನಗರ ಅಥವಾ ಶೃಂಗೇರಿ ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಯೋಚನೆ ಬೇಡ. ಹಾಸ್ಟೆಲ್ ಅರ್ಜಿಯನ್ನು ಪ್ರವೇಶದ ಅರ್ಜಿಯೊಂದಿಗೇ ಹಾಕಿ.

ಹಂತ 7: ಮಾರ್ಗದರ್ಶಕರು ಮತ್ತು ಸಂಶೋಧನಾ ವಿಷಯ

ನಾಲ್ಕನೆಯ ವರ್ಷದ ಸಂಶೋಧನಾ ಪ್ರಬಂಧಕ್ಕೆ ಯುಜಿಸಿ ಚೌಕಟ್ಟಿನಲ್ಲಿ 12 ಕ್ರೆಡಿಟ್ ಇದೆ. ಸಂಶೋಧನೆ ಬೇಡವೆನ್ನುವವರು ಅದರ ಬದಲು ಅಷ್ಟೇ ಕ್ರೆಡಿಟ್‌ನ ಮೂರು ವಿಷಯಗಳನ್ನು ಓದುತ್ತಾರೆ.

ವಿಷಯದ ಆಯ್ಕೆಯಲ್ಲಿ ಮಲೆನಾಡಿನವರಿಗೆ ಇರುವ ಅನುಕೂಲವನ್ನು ಬಹಳ ಮಂದಿ ಕಾಣುವುದಿಲ್ಲ ಎಂಬುದು ನನಗೆ ನಿಜವಾಗಿ ನೋವು ತರುವ ಸಂಗತಿ. ಬೇರೆಯವರು ದೂರದಿಂದ ಅಧ್ಯಯನಕ್ಕೆಂದು ಬರುವ ವಸ್ತು ನಿಮ್ಮ ಅಂಗಳದಲ್ಲಿಯೇ ಇದೆ. ಸಸ್ಯಶಾಸ್ತ್ರದವರಿಗೆ ಅಡಿಕೆಯ ಕೊಳೆ ರೋಗ, ಅದಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಮತ್ತು ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ಸಿಂಪಡಣೆ ಇದೆ. ಪ್ರಾಣಿಶಾಸ್ತ್ರ ಮತ್ತು ಸೂಕ್ಷ್ಮಜೀವಿಶಾಸ್ತ್ರದವರಿಗೆ ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಗಳ (ಉಣುಗುಗಳ) ಪ್ರಭೇದಗಳಿವೆ. ಆ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇತಿಹಾಸದವರಿಗೆ ತಾಳಗುಂದ, ಬಳ್ಳಿಗಾವಿಯ ಶಾಸನಗಳೂ ಕೆಳದಿಯ ವಸ್ತುಸಂಗ್ರಹಾಲಯದ ತಾಳೆಗರಿಗಳೂ ಇವೆ. ಸಮಾಜಶಾಸ್ತ್ರದವರಿಗೆ 1951ರ ಕಾಗೋಡು ಸತ್ಯಾಗ್ರಹದ ನಂತರದ ಭೂ ಸಂಬಂಧಗಳಿವೆ, ಶರಾವತಿಯ ಲಿಂಗನಮಕ್ಕಿ ಜಲಾಶಯಕ್ಕಾಗಿ ಮನೆ ಬಿಟ್ಟವರ ಎರಡನೆಯ, ಮೂರನೆಯ ತಲೆಮಾರಿನ ಬದುಕಿದೆ.

ಆದರೆ ವಿಷಯವನ್ನು ಕಿರಿದುಮಾಡಿಕೊಳ್ಳಬೇಕು. ‘ಮಲೆನಾಡಿನ ಅಡಿಕೆ ಕೃಷಿ’ ಒಂದು ವರ್ಷದಲ್ಲಿ ಮುಗಿಯುವ ವಿಷಯವಲ್ಲ. ‘ಒಂದು ಗ್ರಾಮದ ಹತ್ತು ತೋಟಗಳಲ್ಲಿ ಸಿಂಪಡಣೆಯ ಸಮಯ ಮತ್ತು ಕಾಯಿ ಉದುರುವಿಕೆ’ ಮುಗಿಯುತ್ತದೆ. ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೊಳೆ ರೋಗ ಮಳೆಗಾಲದ್ದು, ಮಂಗನ ಕಾಯಿಲೆಯ ಹಾವಳಿ ಬೇಸಿಗೆಯ ಕಡೆಗಿನ ತಿಂಗಳುಗಳದ್ದು. ಮಳೆಗಾಲದ ಮಾಹಿತಿ ಬೇಕಾದವರು ತರಗತಿ ಆರಂಭವಾದ ಮೇಲೆ ವಿಷಯ ಹುಡುಕುತ್ತ ಕುಳಿತರೆ ಮಳೆ ಕಳೆದಿರುತ್ತದೆ, ಇನ್ನೊಂದು ಮಳೆಗಾಲ ಬರುವಷ್ಟರಲ್ಲಿ ಪ್ರಬಂಧ ಒಪ್ಪಿಸಬೇಕಾಗಿರುತ್ತದೆ. ಅಭಯಾರಣ್ಯದ ಒಳಗೆ ಅಧ್ಯಯನ ಮಾಡಲು ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ; ಉಣ್ಣೆ ಸಂಗ್ರಹದಂಥ ಕೆಲಸವನ್ನು ಮಾರ್ಗದರ್ಶಕರಿಲ್ಲದೆ, ಸುರಕ್ಷತೆಯ ಏರ್ಪಾಡಿಲ್ಲದೆ ಮಾಡಲೇಬಾರದು. ಹಿರಿಯರನ್ನು ಸಂದರ್ಶಿಸುವವರು ಅವರ ಒಪ್ಪಿಗೆಯನ್ನು ಮೊದಲೇ ಬರೆಸಿಕೊಳ್ಳಬೇಕು.

ಮಾರ್ಗದರ್ಶಕರ ಬಳಿ ಬರಿಗೈಯಲ್ಲಿ ಹೋಗಬೇಡಿ. ವಿಷಯ ಯಾವುದು, ಕೇಳಬೇಕಾದ ಪ್ರಶ್ನೆ ಏನು, ಮಾಹಿತಿ ಎಲ್ಲಿ ಸಿಗುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಕೊಂಡೊಯ್ಯಿರಿ. ಅವರು ಎಲ್ಲವನ್ನೂ ತಿದ್ದಿದರೂ ಸರಿಯೇ, ಆ ಪುಟದಿಂದ ಮಾತು ಆರಂಭವಾಗುತ್ತದೆ.

ಬರೆಯುವಾಗ ಕೃತಿಚೌರ್ಯದ ಬಗ್ಗೆ ಎಚ್ಚರವಿರಲಿ. ಯುಜಿಸಿಯ 2018ರ ನಿಯಮಗಳಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದನ್ನು ಮೀರಿದರೆ ತಿದ್ದಿ ಮತ್ತೆ ಒಪ್ಪಿಸುವುದರಿಂದ ಹಿಡಿದು ನೋಂದಣಿ ರದ್ದಾಗುವವರೆಗೆ ಕ್ರಮಗಳಿವೆ. ಇಂಗ್ಲಿಷ್ ಪುಸ್ತಕದ ಭಾಗವನ್ನು ಕನ್ನಡಕ್ಕೆ ತಂದು ಮೂಲವನ್ನು ಹೇಳದೆ ಬಿಡುವುದೂ ಕೃತಿಚೌರ್ಯವೇ.

ಹಂತ 8: ಹಣಕಾಸು

ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಎಂದರೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪ್ರತಿ ವರ್ಷವೂ ಅರ್ಜಿ ಹಾಕಬೇಕು. ನಾಲ್ಕನೆಯ ವರ್ಷಕ್ಕೆ ಅದು ತಾನಾಗಿ ಮುಂದುವರಿಯುತ್ತದೆ ಎಂದುಕೊಳ್ಳಬೇಡಿ. ಕಾಲೇಜು ಬದಲಾಗಿದ್ದರೆ ಹೊಸ ಕಾಲೇಜಿನ ವಿವರ ಸರಿಯಾಗಿ ದಾಖಲಾಗಿದೆಯೇ ಎಂದು ನೋಡಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು ವಿದ್ಯಾಸಿರಿ ಯೋಜನೆಯ ಊಟ ಮತ್ತು ವಸತಿ ಸಹಾಯಕ್ಕೂ, ರೈತರ ಮಕ್ಕಳು ರೈತ ವಿದ್ಯಾನಿಧಿ ಈಗಲೂ ಜಾರಿಯಲ್ಲಿದ್ದರೆ ಅದಕ್ಕೂ ಅರ್ಹತೆಯನ್ನು ಪರಿಶೀಲಿಸಿಕೊಳ್ಳಿ.

ಮಂಜೂರಾದ ಹಣ ಖಾತೆಗೆ ಬಾರದೆ ಉಳಿಯಲು ಬಹುಮಟ್ಟಿಗೆ ಒಂದೇ ಕಾರಣ. ಬ್ಯಾಂಕ್ ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿರುವುದು ಬೇರೆ, ಆ ಖಾತೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಆಧಾರ್‌ಗೆ ಜೋಡಣೆಯಾಗಿರುವುದು ಬೇರೆ. ಸರ್ಕಾರದ ನೇರ ನಗದು ವರ್ಗಾವಣೆ ಎರಡನೆಯದನ್ನು ನೋಡುತ್ತದೆ. ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ’ ಎಂದೇ ಕೇಳಿ; ಆಗಿಲ್ಲದಿದ್ದರೆ ಅಲ್ಲಿಯೇ ಅರ್ಜಿ ಬರೆದುಕೊಡಿ.

ಹಂತ 9: ಮುಗಿದ ಮೇಲೆ ಪಡೆಯಬೇಕಾದವು

ಎಂಟೂ ಸೆಮಿಸ್ಟರ್‌ಗಳ ಅಂಕಪಟ್ಟಿ, ತಾತ್ಕಾಲಿಕ ಪದವಿ ಪ್ರಮಾಣಪತ್ರ, ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಾದರೆ ವಲಸೆ ಪ್ರಮಾಣಪತ್ರ, ಇವುಗಳನ್ನು ಕೇಳಿ ಪಡೆಯಿರಿ. ಪ್ರಮಾಣಪತ್ರದಲ್ಲಿ ‘ಆನರ್ಸ್’ ಎಂದಿದೆಯೋ ‘ಸಂಶೋಧನಾ ಸಹಿತ ಆನರ್ಸ್’ ಎಂದಿದೆಯೋ ಎಂಬುದನ್ನು ಕೌಂಟರ್ ಬಿಟ್ಟು ಹೊರಡುವ ಮೊದಲೇ ಓದಿ ನೋಡಿ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರು ಯುಜಿಸಿ ಎನ್‌ಇಟಿ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೂ ಕೂರಬಹುದು. ಕೊನೆಯ ಸೆಮಿಸ್ಟರಿನಲ್ಲಿರುವವರಿಗೂ ಅರ್ಜಿ ಹಾಕುವ ಅವಕಾಶವಿದೆ. ಆದ್ದರಿಂದ ಪ್ರಬಂಧ ಬರೆಯುತ್ತಿರುವ ತಿಂಗಳುಗಳಲ್ಲಿಯೇ ಆ ಪರೀಕ್ಷೆಯ ಅಧಿಸೂಚನೆಯ ಮೇಲೆ ಕಣ್ಣಿಟ್ಟಿರಿ.